ಟವರ್ ಸತ್ತ ದಿನ ಡೈರಿಯೂ ಸತ್ತಿತ್ತು

ಶಿರಸಿ ಹತ್ತಿರ ನಮ್ಮ ಅಡಿಕೆ ತೋಟ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆದ ದಿನ, ಕೂಲಿ ಲೆಕ್ಕ, ನಡುವೆ ಒಂದಿಷ್ಟು ಮನಸಿನ ಮಾತು, ಎಲ್ಲವನ್ನೂ ಫೋನಿನ ಒಂದು ಡೈರಿ ಆಪ್‌ನಲ್ಲೇ ಬರೆಯುತ್ತಿದ್ದೆ.

ಕಳೆದ ಆಷಾಢದಲ್ಲಿ ಮೂರು ದಿನ ಕರೆಂಟಿಲ್ಲ, ಟವರೂ ಇಲ್ಲ. ಮೊದಲ ಸಲ ಔಷಧಿ ಹೊಡೆದು ಎಷ್ಟು ದಿನವಾಯಿತು ಅಂತ ನೋಡಬೇಕಿತ್ತು. 40-45 ದಿನಕ್ಕೆ ಎರಡನೇ ಸಲ ಹೊಡೆಯಬೇಕು, ಇಲ್ಲದಿದ್ದರೆ ಕೊಳೆ ಸುಮ್ಮನಿರುತ್ತದಾ? ಆಪ್ ತೆರೆದರೆ ಚಕ್ರ ಸುಮ್ನೆ ಸುತ್ತುತ್ತಿತ್ತು. ಬರೆದದ್ದೆಲ್ಲ ಅವರ ಸರ್ವರ್‌ನಲ್ಲಿ! ಕೊನೆಗೆ ಅಮ್ಮ ಗೋಡೆ ಕ್ಯಾಲೆಂಡರಿನಲ್ಲಿ ಹಾಕಿದ್ದ ಪೆನ್ಸಿಲ್ ಗೀಟೇ ಕೆಲಸಕ್ಕೆ ಬಂತು.

ಹೊಸ ಆಪ್ ಹುಡುಕುವಾಗ ಬಣ್ಣ, ಸ್ಟಿಕ್ಕರ್ ನೋಡಲೇ ಇಲ್ಲ. ಏರೋಪ್ಲೇನ್ ಮೋಡ್ ಒತ್ತಿ, ಹಳೆಯ ಪುಟ ತೆರೆಯುತ್ತದಾ ಅಂತ ನೋಡಿದೆ. ಎರಡು ಅಲ್ಲೇ ಹೋದವು. ಉಳಿದದ್ದು ಅಬ್ಸಿಡಿಯನ್. ಅಕೌಂಟ್ ಬೇಡ. ದಿನಕ್ಕೊಂದು ಟಿಪ್ಪಣಿ, ಫೋನಿನ ಫೋಲ್ಡರಿನಲ್ಲೇ ಸಾದಾ ಟೆಕ್ಸ್ಟ್ ಫೈಲ್. ತಿಂಗಳಿಗೊಮ್ಮೆ ಪೆನ್ ಡ್ರೈವ್‌ಗೆ ಕಾಪಿ ಮಾಡುತ್ತೇನೆ. ‘ಬೋರ್ಡೋ’ ಅಂತ ಹುಡುಕಿದರೆ ತಾರೀಖು ಸಿಗುತ್ತದೆ, ಅಷ್ಟು ಸಾಕು.

ಹಳೆಯ ಆಪ್‌ನಿಂದ ಪಿಡಿಎಫ್ ಮಾತ್ರ ಹೊರಬಂತು. ತೋಟದ ತಾರೀಖುಗಳನ್ನಷ್ಟೇ ಕೂತು ಟೈಪ್ ಮಾಡಿದೆ. ಮನಸಿನ ಮಾತು ಅಲ್ಲೇ ಇರಲಿ ಬಿಡಿ.