ಕಾರ್ಖಾನೆಯ ಹಳೇ ಡೇಟಾ, ಹೊಸ ಏಜೆಂಟ್: ಟೂಲ್‌ಗೆ ವಿವರಣೆ ಬರೆಯುವುದು ಹೇಗೆ?

ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರ ಶಿಫ್ಟಿನಲ್ಲಿ ಬಾಯ್ಲರ್ ಪ್ರೆಷರ್ ಬಿದ್ದಿತ್ತು. ಆಪರೇಟರ್ ಕಣ್ಣಾರೆ ನೋಡಿದ್ದರು. ಆದರೆ ಹೊಸದಾಗಿ ಜೋಡಿಸಿದ್ದ ಎಐ ಏಜೆಂಟನ್ನು ಕೇಳಿದರೆ, ‘ಪ್ರೆಷರ್ ಸರಿಯಾಗೇ ಇತ್ತು’ ಎಂದಿತು. ನಾನು ಹೋಗಿ ನೋಡಿದೆ. ಡೇಟಾ ಸರಿ ಇತ್ತು. ಟೂಲ್‌ನ ವಿವರಣೆಯಲ್ಲಿ ಮಾತ್ರ ಒಂದೇ ಸಾಲು: ‘ಹಿಸ್ಟೋರಿಯನ್‌ನಿಂದ ಡೇಟಾ ತರುತ್ತದೆ’. ಈ ಒಂದು ಸಾಲನ್ನು ಎಷ್ಟೋ ಕಡೆ ನೋಡಿದ್ದೇನೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಹಿಸ್ಟೋರಿಯನ್ ಅಂದರೆ ಸೆನ್ಸರ್‌ಗಳ ರೀಡಿಂಗನ್ನು ಸಮಯದ ಸಮೇತ ವರ್ಷಗಟ್ಟಲೆ ಕೂಡಿಡುವ ಡೇಟಾಬೇಸ್. ಏಜೆಂಟ್ ಅದನ್ನು ಟೂಲ್ ಎಂಬ ಸಣ್ಣ ಪ್ರೋಗ್ರಾಂ ಮೂಲಕ ಕೇಳುತ್ತದೆ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಹೊರತಂದ ಎಂಸಿಪಿ (ಏಜೆಂಟನ್ನು ಹೊರಗಿನ ಡೇಟಾಗೆ ಜೋಡಿಸುವ) ಪದ್ಧತಿಯಲ್ಲಿ ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಕೊಡಬೇಕಾದ ಇನ್‌ಪುಟ್‌ಗಳ ಪಟ್ಟಿ ಇರುತ್ತದೆ. ಟೂಲ್ ಬಗ್ಗೆ ಏಜೆಂಟ್ ಓದುವುದು ಅದನ್ನೇ. ಗೊತ್ತಾಗದಿದ್ದರೆ ಪಕ್ಕದ ಮೇಜಿನವರನ್ನು ಕೇಳೋಣ ಎಂದರೆ ಅದಕ್ಕೆ ಆಗುವುದಿಲ್ಲ.

ಮೊದಲು ಟ್ಯಾಗ್, ಅಂದರೆ ಹಿಸ್ಟೋರಿಯನ್‌ನಲ್ಲಿ ಸೆನ್ಸರಿಗಿರುವ ಹೆಸರು. ‘ಪಿಟಿ-101’ ಯಾವ ಬಾಯ್ಲರಿನ ಪ್ರೆಷರ್, ಅಳತೆ ಯಾವ ಯೂನಿಟ್‌ನಲ್ಲಿದೆ ಎಂದು ಬರೆಯಿರಿ. ಹೆಸರನ್ನು ಊಹಿಸದೆ ಮೊದಲು ಟ್ಯಾಗ್ ಹುಡುಕುವ ಟೂಲ್ ಬಳಸಬೇಕು ಎಂದೂ ಸೇರಿಸಿ.

ಎರಡನೆಯದು ಸಮಯ. ಮೇಲೆ ಹೇಳಿದ ಎಡವಟ್ಟು ಆದದ್ದು ಇಲ್ಲೇ. ಏಜೆಂಟ್ ‘06:00ರಿಂದ 14:00’ ಎಂದು ಕೇಳಿತ್ತು. ಸರ್ವರ್ ಅದನ್ನು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ ಎಂದುಕೊಂಡಿತು. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ ಅಲ್ವಾ? ಹಾಗಾಗಿ ಬಂದದ್ದು 11:30ರಿಂದ ಸಂಜೆ 7:30ರ ಡೇಟಾ. ಅಷ್ಟೊತ್ತಿಗೆ ಪ್ರೆಷರ್ ಸುಧಾರಿಸಿತ್ತು. ಆದ್ದರಿಂದ ಸಮಯದ ಕೊನೆಯಲ್ಲಿ +05:30 ಇರಲೇಬೇಕು, ಇಲ್ಲದಿದ್ದರೆ ಟೂಲ್ ವಾಪಸ್ ಕಳಿಸುತ್ತದೆ ಎಂದು ಬರೆಯಿರಿ. ಬರೆದ ಹಾಗೆ ಟೂಲ್‌ನಲ್ಲೂ ಮಾಡಿ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಯಾವ ಬಗೆಯ ಮೌಲ್ಯ ಬೇಕು? ಹೆಚ್ಚಿನ ಹಿಸ್ಟೋರಿಯನ್‌ಗಳು ಪ್ರತಿ ಸೆಕೆಂಡಿನ ರೀಡಿಂಗನ್ನೂ ಇಟ್ಟುಕೊಳ್ಳುವುದಿಲ್ಲ. ಮೌಲ್ಯ ಬದಲಾದಾಗ ಮಾತ್ರ ಬರೆದುಕೊಳ್ಳುತ್ತವೆ. ಜಾಗ ಉಳಿಸಲು ಒಳ್ಳೆಯ ಉಪಾಯ. ಆದರೆ ಸರಾಸರಿ ತೆಗೆಯುವಾಗ ಇದೇ ಕಾಲಿಗೆ ತೊಡರುತ್ತದೆ. ಒಂದು ಗಂಟೆಯ ಲೆಕ್ಕ ನೋಡಿ. ಮೊದಲ 50 ನಿಮಿಷ ಪ್ರೆಷರ್ 40ರಲ್ಲೇ ನಿಂತಿತ್ತು, ದಾಖಲೆ ಒಂದೇ. ಕೊನೆಯ 10 ನಿಮಿಷ 28ರಿಂದ 32ರ ನಡುವೆ ಓಲಾಡಿತು. ದಾಖಲೆ ಒಂಬತ್ತು, ಅವುಗಳ ಸರಾಸರಿ 30. ಹತ್ತನ್ನೂ ಸುಮ್ನೆ ಕೂಡಿಸಿ ಭಾಗಿಸಿದರೆ 31 ಬರುತ್ತದೆ. ಎಷ್ಟು ಹೊತ್ತು ಯಾವ ಮೌಲ್ಯ ಇತ್ತು ಎಂದು ತೂಗಿ ನೋಡಿದರೆ ಸುಮಾರು 38. ಏಜೆಂಟ್‌ಗೆ ಕಚ್ಚಾ ದಾಖಲೆ ಕೊಟ್ಟರೆ ಅದು ಮೊದಲನೆಯ ಲೆಕ್ಕ ಮಾಡುವ ಸಾಧ್ಯತೆಯೇ ಜಾಸ್ತಿ.

ಹಾಗಾಗಿ ಯಾವುದನ್ನು ಯಾವಾಗ ಕೇಳಬೇಕು ಎಂದು ವಿವರಣೆಯಲ್ಲೇ ಹೇಳಿ. ಸರಾಸರಿ ಬೇಕಿದ್ದರೆ ಸಮಯದ ತೂಕದ ಸರಾಸರಿ ಕೇಳಬೇಕು, ಕಚ್ಚಾ ದಾಖಲೆಯಿಂದ ತಾನೇ ಲೆಕ್ಕ ಹಾಕಬಾರದು. ಟ್ರಿಪ್ ಆದ, ಅಂದರೆ ಯಂತ್ರ ತಾನಾಗಿ ನಿಂತುಹೋದ ಕ್ಷಣ ಹುಡುಕಲು ಕಚ್ಚಾ ದಾಖಲೆಯೇ ಬೇಕು; ಸರಾಸರಿಯಲ್ಲಿ ಆ ಕ್ಷಣ ಕರಗಿಹೋಗುತ್ತದೆ. ಎರಡು ದಾಖಲೆಗಳ ನಡುವಿನ ಮೌಲ್ಯವನ್ನು ಗೆರೆ ಎಳೆದು ಅಂದಾಜು ಮಾಡುವುದು ಪ್ರೆಷರ್‌ಗೆ ಸರಿ, ಪಂಪಿಗೆ ತಪ್ಪು. ಪಂಪು ಆನ್ ಅಥವಾ ಆಫ್ ಇರುತ್ತದೆ, ಅರ್ಧ ಆನ್ ಇರುವುದಿಲ್ಲ. ಈ ಬಗೆಯನ್ನು ಆರಿಸದೆ ಟೂಲ್ ಓಡಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೋಡಿನಿಂದ ವಿವರಣೆಯನ್ನು ತಾನಾಗಿ ತೆಗೆಯುವ ಅಡ್ಡದಾರಿಯೊಂದಿದೆ. ದಯವಿಟ್ಟು ಅದನ್ನೇ ನೆಚ್ಚಬೇಡಿ. ಇನ್‌ಪುಟ್‌ನ ಹೆಸರೇನು ಎಂದು ಕೋಡಿಗೆ ಗೊತ್ತು. ಯಾವುದನ್ನು ಯಾವಾಗ ಬಳಸಬೇಕು ಎಂಬುದು ಆಪರೇಟರಿಗೆ ಗೊತ್ತು. ಅವರ ಜೊತೆ ಅರ್ಧ ದಿನ ಕೂತು ಬರೆಯಿರಿ.

ನಾಲ್ಕನೆಯದು, ಡೇಟಾ ಕೆಟ್ಟಿದ್ದರೆ ಏನು? ಕಾರ್ಖಾನೆಯ ಯಂತ್ರಗಳು ಡೇಟಾ ಹಂಚಿಕೊಳ್ಳುವ ಒಪಿಸಿ ಯುಎ ಪದ್ಧತಿಯಲ್ಲಿ ಪ್ರತಿ ಮೌಲ್ಯದ ಜೊತೆ ಗುಡ್, ಅನ್‌ಸರ್ಟನ್, ಬ್ಯಾಡ್ ಎಂಬ ಗುರುತು ಬರುತ್ತದೆ. ಅದನ್ನು ಉತ್ತರದಲ್ಲಿ ಉಳಿಸಿಕೊಳ್ಳಿ. ಸೆನ್ಸರ್ ತಂತಿ ಕಿತ್ತುಹೋದಾಗ ಖಾಲಿ ಜಾಗಕ್ಕೆ ಸೊನ್ನೆ ತುಂಬುವ ಕನೆಕ್ಟರನ್ನು (ಡೇಟಾ ದಾಟಿಸುವ ಸಾಫ್ಟ್‌ವೇರ್) ನಾನೇ ಕಂಡಿದ್ದೇನೆ. ಅಂಥದ್ದನ್ನು ಕೊಳ್ಳಲೇಬೇಡಿ. ಸೊನ್ನೆ ಪ್ರೆಷರ್ ಬೇರೆ, ಗೊತ್ತಿಲ್ಲದ ಪ್ರೆಷರ್ ಬೇರೆ.

ಒಂದು ಸಲಕ್ಕೆ ಗರಿಷ್ಠ ಎಷ್ಟು ದಾಖಲೆ ಸಿಗುತ್ತದೆ, ಉಳಿದದ್ದನ್ನು ಪಡೆಯುವುದು ಹೇಗೆ ಎಂದು ಒಂದು ಸಾಲು ಸಾಕು. ಎರರ್ ಮೆಸೇಜ್‌ನಲ್ಲಿ ಮುಂದೇನು ಮಾಡಬೇಕು ಎಂದೂ ಇರಲಿ.

ಕೊನೆಗೆ ಪರೀಕ್ಷೆ. ಆಪರೇಟರಿಗೆ ಉತ್ತರ ಗೊತ್ತಿರುವ ಹತ್ತು ಪ್ರಶ್ನೆ ತೆಗೆದುಕೊಳ್ಳಿ. ಅದರಲ್ಲಿ ಒಂದು ಸೆನ್ಸರ್ ಕೆಟ್ಟಿದ್ದ ದಿನದ್ದು, ಇನ್ನೊಂದು ರಾತ್ರಿ ಶಿಫ್ಟಿನದು ಇರಲಿ. ಏಜೆಂಟ್ ತಪ್ಪಿದ ಕಡೆ ವಿವರಣೆ ತಿದ್ದಿ, ಹತ್ತನ್ನೂ ಮತ್ತೆ ಮೊದಲಿಂದ ಕೇಳಿ. ಟೂಲ್ ಬದಲಾದ ದಿನವೂ ಇದೇ ಹತ್ತು ಪ್ರಶ್ನೆ.