ಸಮೂಮ್ ಬೀಸಿದರೆ ಕಿಟಕಿ ಮುಚ್ಚಿ

ಹಾಸನ, ಚಿಕ್ಕಮಗಳೂರಿನ ನಮಗೆ ಸೆಕೆಯಾದರೆ ಕೈ ತಾನಾಗಿ ಕಿಟಕಿಗೆ ಹೋಗುತ್ತದೆ. ಸಕಲೇಶಪುರದ ಘಾಟಿ ಹತ್ತಿ ಬರುವ ಗಾಳಿ ಮಳೆ ತರುತ್ತದೆ. ನಮ್ಮಲ್ಲಿ ಗಾಳಿ ಅಂದರೆ ತಂಪು. ಇದೇ ನಂಬಿಕೆಯಲ್ಲಿ ದುಬೈಗೋ ಕುವೈತಿಗೋ ಬಂದು, ಜೂನ್ ಮಧ್ಯಾಹ್ನ ಕಿಟಕಿ ತೆರೆದು ಮನೆಯನ್ನೇ ಒಲೆ ಮಾಡಿಕೊಂಡವರು ನಾವೆಲ್ಲ.

ಆದ್ದರಿಂದ ಮೊದಲು ಈ ಪದ ಕಲಿಯಿರಿ: ಸಮೂಮ್. ಮರುಭೂಮಿಯ ಒಣ ಬಿಸಿಗಾಳಿ. 'ಸಮ್ಮ್' ಅಂದರೆ ಅರಬಿಯಲ್ಲಿ ವಿಷ. ಪದ ಹುಟ್ಟಿದ್ದು ಅದೇ ಧಾತುವಿನಿಂದ. ಉಚ್ಚಾರದಲ್ಲಿ ಎಚ್ಚರ ಬೇಕು. 'ಸಮೂಮ್' ಗಾಳಿ, 'ಸುಮೂಮ್' ವಿಷಗಳು. ಅರಬಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ಎರಡೂ ಒಂದೇ ಥರ ಕಾಣುತ್ತವೆ. 'ಅಲ್' ಸೇರಿದಾಗ 'ಅಸ್ಸಮೂಮ್' ಎಂದು ಕೇಳಿಸುತ್ತದೆ.

ಎಲ್ಲ ಬಿಸಿಗಾಳಿಯೂ ಸಮೂಮ್ ಅಲ್ಲ. 'ಶಮಾಲ್' ಅಂದರೆ ಉತ್ತರ. ಇರಾಕಿನ ಕಡೆಯಿಂದ ಕೊಲ್ಲಿಗೆ ಬೀಸುವ ವಾಯವ್ಯದ ಗಾಳಿ. ಬೇಸಿಗೆಯಲ್ಲಿ ಧೂಳು ಹೊತ್ತು ತರುತ್ತದೆ, ಚಳಿಗಾಲದಲ್ಲಿ ತಣ್ಣಗಿರುತ್ತದೆ. 'ಖಮ್ಸೀನ್' ಅಂದರೆ ಐವತ್ತು. ಈಜಿಪ್ಟಿನ ವಸಂತಕಾಲದ ಗಾಳಿ. 'ಹಬೂಬ್' ಸುಡಾನಿನಲ್ಲಿ ಗೋಡೆಯಂತೆ ಎದ್ದು ಬರುವ ಧೂಳು. ಬರೀ ಧೂಳಿಗೆ 'ಗುಬಾರ್'. ಗುಬಾರ್ ಎಂದಾಗ ಮೂಗಿಗೆ ಮಾಸ್ಕು ಸಾಕು. ಸಮೂಮ್ ಎಂದಾಗ ಇಡೀ ಮೈ ಕಾಯಬೇಕು.

ಚರ್ಮದ ಶಾಖ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದಾಗ ಬೀಸಿದಷ್ಟೂ ಮೈಗೆ ಕಾವು ತುಂಬುತ್ತದೆ. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು; ಅಂಥ ಬಿಸಿಯಲ್ಲಿ ಬರೀ ಫ್ಯಾನು ಹಾಕಿ ಕೂರುವುದು ಅಪಾಯ. ಬೆವರು ಹುಟ್ಟಿದಲ್ಲೇ ಒಣಗುವುದರಿಂದ 'ನಾನು ಬೆವರಿಲ್ಲ, ನೀರು ಬೇಡ' ಅನ್ನಿಸುತ್ತದೆ. ಈ ತಪ್ಪು ಜೀವಕ್ಕೆ ಬರುತ್ತದೆ. ಹೊರಗಿನ ಕೆಲಸವಿದ್ದರೆ 15-20 ನಿಮಿಷಕ್ಕೊಂದು ಲೋಟ ನೀರು ಕುಡಿಯಿರಿ. ಓಆರ್‌ಎಸ್ ಸಿಗದಿದ್ದರೆ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಮಾತ್ರ ಹೆಚ್ಚಬಾರದು. ಮಾತು ತೊದಲಿದರೆ, ಗಲಿಬಿಲಿಯಾದರೆ ನೆರಳಿಗೆ ತಂದು ಮೈಗೆ ನೀರು ಸುರಿದು ಆಂಬುಲೆನ್ಸ್ ಕರೆಯಿರಿ (ಯುಎಇಯಲ್ಲಿ 998). ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ಐಡಿ, ವಿಮೆ ಕಾರ್ಡಿನ ಫೋಟೊ ಫೋನಿನಲ್ಲಿರಲಿ.

ತಾರಸಿಯ ಟ್ಯಾಂಕು ಕಾದು ತಣ್ಣೀರಿನ ನಲ್ಲಿಯಲ್ಲೇ ಸುಡುನೀರು ಬರುತ್ತದೆ. ಮನೆಯೊಳಗಿನ ಗೀಸರನ್ನು ಆಫ್ ಮಾಡಿಬಿಡಿ; ಅದರಲ್ಲಿ ನಿಂತ ನೀರು ಎಸಿಗೆ ತಣಿದು, ಬಿಸಿನೀರಿನ ನಲ್ಲಿಯಲ್ಲಿ ತಣ್ಣಗೆ ಬರುತ್ತದೆ. ಮಗುವಿನ ಸ್ನಾನಕ್ಕೆ ಮೊದಲು ಕೈ ಅದ್ದಿ ನೋಡಿ.

ಇಲ್ಲಿ ಹುಟ್ಟಿದ ಮಕ್ಕಳಿಗೆ ಗಾಳಿ ಅಂದರೆ ಮುಚ್ಚಿದ ಕಿಟಕಿ. ರಜೆಗೆ ಊರಿಗೆ ಹೋದಾಗ ಅಜ್ಜಿ ಕಿಟಕಿ ತೆಗೆದರೆ ಓಡಿಹೋಗಿ ಮುಚ್ಚುತ್ತವೆ. ಗದರಬೇಡಿ. ಎತ್ತಿಕೊಂಡು ಹೋಗಿ, ಮಳೆಗಾಳಿ ಮುಖಕ್ಕೆ ತಾಗುವಷ್ಟು ಹೊತ್ತು ಆ ಕಿಟಕಿಯ ಬಳಿ ನಿಲ್ಲಿ.