ಕಪುಶ್ಚಿನ್ಸ್ಕಿಯನ್ನು ಓದುವ ಕ್ರಮ: ಯಾವ ಪುಸ್ತಕ ಮೊದಲು, ಪೆನ್ಸಿಲ್ ಎಲ್ಲಿ ಬೇಕು

ಪೋಲೆಂಡಿನ ಸುದ್ದಿಸಂಸ್ಥೆಯ ವಿದೇಶಿ ವರದಿಗಾರನಾಗಿ ಆಫ್ರಿಕಾ, ಲ್ಯಾಟಿನ್ ಅಮೆರಿಕ ಸುತ್ತಿ, ಆಮೇಲೆ ಪುಸ್ತಕಗಳಿಂದಲೇ ಹೆಸರಾದವರು ರಿಷಾರ್ಡ್ ಕಪುಶ್ಚಿನ್ಸ್ಕಿ (1932–2007). ಹೆಚ್ಚಿನವರು ಅವರ ‘ದಿ ಎಂಪರರ್’ನಿಂದ ಶುರುಮಾಡಿ ಎಡವುತ್ತಾರೆ. ಅದನ್ನು ಇಥಿಯೋಪಿಯಾದ ಚರಿತ್ರೆ ಎಂದು ನಂಬಿ ಉಲ್ಲೇಖಿಸುತ್ತಾರೆ. ಆ ಮಾತು ನಿಲ್ಲುವುದಿಲ್ಲ ಎಂದು ತಿಳಿದಾಗ ಲೇಖಕರನ್ನೇ ಸುಳ್ಳುಗಾರ ಎಂದು ಬದಿಗಿಡುತ್ತಾರೆ. ಇಂಥ ಬರಹಗಾರರನ್ನು ಹಾಗೆ ಕಳೆದುಕೊಳ್ಳಬಾರದು.

ಮೊದಲು ‘ಟ್ರಾವೆಲ್ಸ್ ವಿತ್ ಹೆರೊಡೋಟಸ್’ನ ಆರಂಭದ ಅಧ್ಯಾಯಗಳನ್ನಷ್ಟೇ ಓದಿ. ಪುಸ್ತಕ ಬಂದದ್ದು 2004ರಲ್ಲಿ, ಕಥೆ 1956ರದು. ಗಡಿ ದಾಟಬೇಕೆಂಬ ಆಸೆಯ ಯುವ ಪತ್ರಕರ್ತನನ್ನು ಪತ್ರಿಕೆ ಭಾರತಕ್ಕೆ ಕಳಿಸುತ್ತದೆ. ದೆಹಲಿಗೆ ಬಂದಿಳಿದರೆ ಇಂಗ್ಲಿಷೇ ಬಾರದು. ಹೆಮಿಂಗ್‌ವೇಯ ಕಾದಂಬರಿಯೊಂದನ್ನು ಹಿಡಿದು ಒಂದೊಂದೇ ಪದ ಕಲಿಯುತ್ತಾರೆ. ಭಾಷೆ ಬಾರದವನ ಕಣ್ಣು ಎಷ್ಟು ಚುರುಕಾಗುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಉಳಿದ ಭಾಗ ಕೊನೆಗಿರಲಿ.

ಎರಡನೆಯದು ಅಂಗೋಲಾದ ಪುಸ್ತಕ, ‘ಅನದರ್ ಡೇ ಆಫ್ ಲೈಫ್’. ಇದಕ್ಕೆ ಸಮಯ ಕೊಡಿ. 1975ರಲ್ಲಿ ವಸಾಹತು ಆಳ್ವಿಕೆ ಮುಗಿಯುವಾಗ ರಾಜಧಾನಿ ಲುವಾಂಡಾ ಬಿಟ್ಟು ಹೊರಟ ಪೋರ್ಚುಗೀಸರು ಮನೆಸಾಮಾನನ್ನೆಲ್ಲ ಮರದ ಪೆಟ್ಟಿಗೆಗಳಿಗೆ ತುಂಬುತ್ತಾರೆ. ಕಲ್ಲಿನ ನಗರದೊಳಗೆ ಮರದ ಇನ್ನೊಂದು ನಗರ ಎದ್ದು, ಕೊನೆಗೆ ಹಡಗೇರಿ ಹೋಗುತ್ತದೆ. ಅದೇ ಪುಸ್ತಕದಲ್ಲಿ ವಾರ್ಸಾ ಕಚೇರಿಯೊಂದಿಗಿನ ಟೆಲೆಕ್ಸ್ (ತಂತಿಯ ಮೂಲಕ ಟೈಪಿಸಿ ಕಳಿಸುವ ಸಂದೇಶ) ಮಾತುಕತೆಯೂ ಅಚ್ಚಾಗಿದೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಿ. ಟೆಲೆಕ್ಸಿನ ತುಂಡು ವಾಕ್ಯಗಳಲ್ಲಿ ಆ ಪೆಟ್ಟಿಗೆಗಳಿಗೆ ಜಾಗವಿಲ್ಲ. ಸುದ್ದಿಗೆ ಬೇಡವಾದದ್ದೇ ಇವರ ಪುಸ್ತಕಗಳ ಬಂಡವಾಳ.

ಇಲ್ಲಿಂದ ಮುಂದೆ ಅಂಚಿನಲ್ಲಿ ಮೂರು ಗುರುತು ಹಾಕುತ್ತ ಹೋಗಿ: ಕಂಡದ್ದು, ಕೇಳಿದ್ದು, ಕಟ್ಟಿದ್ದು. ‘ದಿ ಸಾಕರ್ ವಾರ್’ನಲ್ಲಿ ಅಭ್ಯಾಸ ಮಾಡಬಹುದು. 1969ರ ಜುಲೈಯಲ್ಲಿ ಎಲ್ ಸಾಲ್ವಡಾರ್–ಹೊಂಡುರಾಸ್ ನಡುವೆ ಸುಮಾರು 100 ಗಂಟೆ ನಡೆದ ಯುದ್ಧಕ್ಕೆ ಎರಡೂ ದೇಶಗಳ ಫುಟ್‌ಬಾಲ್ ಪಂದ್ಯಗಳು ಬರೀ ನೆಪ. ಜಮೀನಿಲ್ಲದೆ ಎಲ್ ಸಾಲ್ವಡಾರ್‌ನಿಂದ ಗಡಿ ದಾಟಿ ನೆಲೆಸಿದ್ದ ರೈತರನ್ನು ಹೊಂಡುರಾಸ್ ಹೊರಹಾಕತೊಡಗಿದ್ದೇ ಮೂಲ. ಶೀರ್ಷಿಕೆಯಲ್ಲೇ ನಿಂತರೆ ಈ ಮುಖ್ಯ ಸಂಗತಿ ಕೈತಪ್ಪುತ್ತದೆ.

ಈಗ ‘ದಿ ಎಂಪರರ್’. ಇಥಿಯೋಪಿಯಾದ ದೊರೆ ಹೈಲೆ ಸೆಲಾಸಿಯ ಆಸ್ಥಾನದವರು ಬಾಯಿಬಿಡುತ್ತಾರೆ, ಹೆಸರಿನ ಬದಲು ಅಕ್ಷರಗಳಷ್ಟೇ. ಕುಳ್ಳ ದೊರೆ ಎತ್ತರದ ಸಿಂಹಾಸನದಲ್ಲಿ ಕೂತಾಗ ಕಾಲು ತೂಗಾಡಬಾರದೆಂದು ದಿಂಬು ಇಡುವವನೊಬ್ಬ. ಅವನ ಬಳಿ ಬೇರೆ ಬೇರೆ ಅಳತೆಯ 52 ದಿಂಬುಗಳು. ಇಂಥ ಪುಟಗಳಿಗೆ ‘ಕಟ್ಟಿದ್ದು’ ಗುರುತು ಧಾರಾಳವಾಗಿ ಬೀಳಲಿ. ದೊರೆ ಓದುತ್ತಲೇ ಇರಲಿಲ್ಲ ಎಂಬ ಮಾತೂ ಅದೇ ಸಾಲಿನದು; ಆತ ಆತ್ಮಕಥೆಯನ್ನೇ ಬರೆದವನು. ಪುಸ್ತಕ ಹೊರಬಂದ 1978ನೇ ಇಸವಿಯನ್ನು ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಸೆನ್ಸಾರ್‌ಶಿಪ್ ಇದ್ದ ಪೋಲೆಂಡಿನ ಓದುಗರು ಆ ಅರಮನೆಯಲ್ಲಿ ಕಂಡದ್ದು ತಮ್ಮದೇ ಕಮ್ಯುನಿಸ್ಟ್ ನಾಯಕರ ದರ್ಬಾರನ್ನು. ಇಂಗ್ಲಿಷ್ ಅನುವಾದದ 1983ನ್ನೇ ನೆಚ್ಚಿಕೊಂಡರೆ ಈ ಎಳೆ ಸಿಗದು. ಅಧಿಕಾರ ಹೇಗೆ ಕೊಳೆಯುತ್ತದೆ ಎಂಬುದಕ್ಕೆ ಇದು ಅಪರೂಪದ ಪುಸ್ತಕ. ಇಥಿಯೋಪಿಯಾದ ಬಗ್ಗೆ ಲೇಖನ ಬರೆಯುವವರು ಮಾತ್ರ ಬೇರೆ ಆಕರ ಹುಡುಕಬೇಕು.

ಇರಾನಿನ ‘ಷಾ ಆಫ್ ಷಾಸ್’ ಚಿಕ್ಕದು, ಎರಡು ಸಂಜೆಗೆ ಮುಗಿಯುತ್ತದೆ. ಸೋವಿಯತ್ ಒಕ್ಕೂಟದ ‘ಇಂಪೀರಿಯಂ’ (1993) ಅದರ ನಂತರ. ಅದರ ಮೊದಲ ಅಧ್ಯಾಯ, 1939ರಲ್ಲಿ ಸೋವಿಯತ್ ಸೇನೆ ಹೊಕ್ಕ ಅವರ ಹುಟ್ಟೂರು ಪಿನ್ಸ್ಕ್, ಅವರ ಬಾಲ್ಯ, ಅವಸರ ಬೇಡ.

ಆಫ್ರಿಕಾದ ‘ದಿ ಷ್ಯಾಡೋ ಆಫ್ ದಿ ಸನ್’ಗೆ ಅಟ್ಲಾಸ್ ಪಕ್ಕದಲ್ಲಿರಲಿ, ದಿನಕ್ಕೊಂದೇ ಅಧ್ಯಾಯ ಸಾಕು. ನೆರಳು, ನೀರು, ಬಸ್ಸಿಗೆ ಕಾಯುವ ಜನ ಬಂದಲ್ಲೆಲ್ಲ ನಂಬಿ ಓದಿ. ‘ಆಫ್ರಿಕಾದವರು ಹೀಗೆ’ ಎಂದು ಇಡೀ ಖಂಡಕ್ಕೇ ಹಣೆಪಟ್ಟಿ ಹಚ್ಚುವ ಸಾಲು ಸಿಕ್ಕರೆ ಅಡ್ಡಗೆರೆ ಎಳೆಯಿರಿ. ಆರ್ಟುರ್ ಡೊಮೊಸ್ವಾವ್ಸ್ಕಿ 2010ರಲ್ಲಿ ಬರೆದ ಕಪುಶ್ಚಿನ್ಸ್ಕಿಯ ಜೀವನಚರಿತ್ರೆಯನ್ನು ಇಷ್ಟೆಲ್ಲ ಮುಗಿದ ಮೇಲೆ ತೆರೆಯಿರಿ, ನಿಮ್ಮ ಪೆನ್ಸಿಲ್ ಗುರುತುಗಳನ್ನು ಅದರೊಂದಿಗೆ ತಾಳೆ ನೋಡಲು.